ಮನೆಗಾಡಿಯ ಒಲೆ: ಐದು ಕಿಲೋ ಅನಿಲದ ಲೆಕ್ಕ

ನಂದಿದುರ್ಗವೆಂದೊಡನೆ ಬೆಂಗಳೂರಿನವರ ಕಣ್ಣಮುಂದೆ ನಿಲ್ಲುವುದು ಮಂಜು ಮುಸುಕಿದ ಬೆಟ್ಟ. ಕೋಲಾರದ ಚಿನ್ನದ ಗಣಿಯವರಿಗಾದರೋ ಅದು ಬೆಟ್ಟದ ಹೆಸರನ್ನು ಹೊತ್ತು ನೆಲದೊಳಕ್ಕೆ ಇಳಿದ ಗಣಿಯ ಹೆಸರು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳ ಸುತ್ತ ಒಂದು ಊರೇ ಬೆಳೆಯಿತು. ಅವು 1956ರಲ್ಲಿ ಮೈಸೂರು ಸರ್ಕಾರದ ಕೈಗೂ 1962ರಲ್ಲಿ ಕೇಂದ್ರ ಸರ್ಕಾರದ ಕೈಗೂ ಬಂದು, 2001ರ ಫೆಬ್ರವರಿ 28ರಂದು ಮುಚ್ಚಿದುವು. ಊರು ಮಾತ್ರ ಮುಚ್ಚಲಿಲ್ಲ. ಗಣಿಯವರ ಮಕ್ಕಳು ಇಂದು ಬೆಳಗಿನ ಜಾವದಲ್ಲೇ ಎದ್ದು, ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ರೈಲು ಹಿಡಿದು ಉದ್ಯೋಗಕ್ಕೆ ಹೋಗುತ್ತಾರೆ. ರಾತ್ರಿ ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ.

ಅಂತಹ ಸಂಸಾರವೊಂದನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಗಣಿ ಮುಚ್ಚುವ ತನಕ ಭೂಗರ್ಭದಲ್ಲಿ ಮೇಸ್ತ್ರಿಯಾಗಿ ದುಡಿದ, ಈಗ ಎಂಬತ್ತರ ಸಮೀಪದ ತಾತ, ಅಜ್ಜಿ, ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸಕ್ಕಿರುವ ಮಗ, ಸೊಸೆ, ಆರು ವರ್ಷದ ಮೊಮ್ಮಗ. ಡಿಸೆಂಬರ್ ರಜೆಯಲ್ಲಿ ಐವರೂ ಕೂಡಿ ಐದು ದಿನಗಳ ಪ್ರವಾಸ ಹೊರಡುವುದೆಂದು ನಿಶ್ಚಯವಾಯಿತು. ತಾತನಿಗೆ ಶಿವನಸಮುದ್ರವನ್ನು ನೋಡುವ ಆಸೆ. ಅಲ್ಲಿನ ಜಲವಿದ್ಯುತ್ತೇ 1902ರಲ್ಲಿ ಸುಮಾರು 150 ಕಿಲೋಮೀಟರು ತಂತಿಯ ದಾರಿ ಸವೆಸಿ ಬಂದು ಚಿನ್ನದ ಗಣಿಯ ಯಂತ್ರಗಳನ್ನು ನಡೆಸಿದ್ದು. ಅಜ್ಜಿಗೆ ಮೈಸೂರಿನ ಚಾಮುಂಡಿಯ ದರ್ಶನವಾಗಬೇಕು. ಹುಡುಗನಿಗೆ ನಂದಿಬೆಟ್ಟ, ಊಟಿಯ ರೈಲು ಎರಡೂ ಬೇಕು. ಹೋಟೆಲಿನ ಊಟ ಹಿರಿಯರಿಗೆ ಒಗ್ಗದು. ಕೊನೆಗೆ ಮಗನು ಒಂದು ಕ್ಯಾರವಾನನ್ನು, ಎಂದರೆ ಮಲಗಲು ಮಂಚ, ಅಡುಗೆಗೆ ಒಲೆ, ಸ್ನಾನಕ್ಕೆ ಬಚ್ಚಲು ಎಲ್ಲವೂ ಒಳಗೇ ಇರುವ ಮನೆಗಾಡಿಯನ್ನು, ಬಾಡಿಗೆಗೆ ಗೊತ್ತು ಮಾಡಿದನು.

ಗಾಡಿಯನ್ನು ಹೊರದೇಶದ ಮಾದರಿಯಲ್ಲಿ ಸಜ್ಜುಗೊಳಿಸಿದ್ದರು. ಎರಡು ಬರ್ನರುಗಳ ಒಲೆ, ನೀರು ಕಾಯಿಸುವ ಗೀಸರು, ಒಂದು ಚಿಕ್ಕ ಫ್ರಿಜ್, ಚಳಿಗಾಲಕ್ಕೆ ಒಂದು ಹೀಟರು. ಈ ನಾಲ್ಕಕ್ಕೂ ಒಂದೇ ಆಹಾರ: ಸಿಲಿಂಡರಿನ ಅನಿಲ. ಸಂಸಾರದ ಮುಂದೆ ಬಂದ ಪ್ರಶ್ನೆಯೂ ಅದೇ. ಎಷ್ಟು ಅನಿಲ ಬೇಕು?

ಮಗನ ಲೆಕ್ಕ ಸರಳವಾಗಿತ್ತು. ಮನೆಯಲ್ಲಿ 14.2 ಕಿಲೋ ಸಿಲಿಂಡರು ಸುಮಾರು 45 ದಿನ ಬರುತ್ತದೆ. ಎಂದರೆ ದಿನಕ್ಕೆ 315 ಗ್ರಾಂ. ಐದು ದಿನಕ್ಕೆ 1,600 ಗ್ರಾಮಿಗಿಂತ ಕಡಿಮೆ. ಗಾಡಿಯ ಪೆಟ್ಟಿಗೆಯಲ್ಲಿ 5 ಕಿಲೋ ಸಿಲಿಂಡರು ಇದ್ದರೆ ಮೂರು ಸಲ ಪ್ರವಾಸ ಮಾಡಬಹುದು.

ತಾತ ಕನ್ನಡಕವನ್ನು ಮೇಲಕ್ಕೆ ಸರಿಸಿ ಕೇಳಿದರು: "ಮನೇಲಿ ಫ್ರಿಜ್ಜು ಗ್ಯಾಸಿನಲ್ಲಿ ಓಡುತ್ತೇನಪ್ಪ? ಸ್ನಾನದ ನೀರು ಗ್ಯಾಸಿನಲ್ಲಿ ಕಾಯುತ್ತಾ?"

ಮಗನು ಸುಮ್ಮನಾದನು. ಮನೆಯಲ್ಲಿ ಅವೆರಡೂ ವಿದ್ಯುತ್ತಿನ ಪಾಲು. ಗಾಡಿಯಲ್ಲಿ ಆ ಹೊರೆಯೆಲ್ಲ ಸಿಲಿಂಡರಿನ ಹೆಗಲಿಗೆ ಬೀಳುವುದು. ಮನೆಯ ಲೆಕ್ಕವನ್ನು ಹಾಗೆಯೇ ಗಾಡಿಗೆ ಹೊರಿಸುವವರು ಎಡವುವುದು ಇಲ್ಲಿಯೇ.

"ಮಾವ, ಒಂದೊಂದನ್ನೂ ಬೇರೆಬೇರೆಯಾಗಿ ಬರೆದು ನೋಡೋಣ" ಎಂದು ಸೊಸೆ ದಿನಸಿಯ ಪುಸ್ತಕದ ಹಿಂಬದಿಯನ್ನು ತೆರೆದಳು. ಆ ಪುಟದ ಲೆಕ್ಕವನ್ನು ಯಾವ ಗೃಹಿಣಿಯಾದರೂ ಹಾಕಬಹುದು. ಅದಕ್ಕೆ ಬೇಕಾದುದು ಎರಡೇ ಅಂಕಿಗಳು. ಮೊದಲನೆಯದು, 1 ಕಿಲೋ ಅನಿಲದಲ್ಲಿ ಸುಮಾರು 11,000 ಕಿಲೋಕ್ಯಾಲೊರಿ ಶಾಖವಿದೆ. ವಿದ್ಯುತ್ತಿನ ಭಾಷೆಯಲ್ಲಿ ಹೇಳುವುದಾದರೆ ಸುಮಾರು 12.8 ಯೂನಿಟ್. ಎರಡನೆಯದು, ಒಲೆಯ ಶಾಖವೆಲ್ಲವೂ ಪಾತ್ರೆಗೆ ಸೇರುವುದಿಲ್ಲ. ನೂರಕ್ಕೆ ಅರುವತ್ತು ಭಾಗ ಸೇರಿದರೆ ಮನೆಯ ಒಲೆಗೆ ಅದು ಮೆಚ್ಚತಕ್ಕ ಮಾತೇ. ಉಳಿದುದು ಪಾತ್ರೆಯ ಅಂಚನ್ನು ಸವರಿ ಗಾಳಿಗೆ ಹೋಗುತ್ತದೆ.

ಇದರಂತೆ 1 ಲೀಟರು ತಣ್ಣೀರನ್ನು ಕುದಿಸಲು ಸುಮಾರು 12 ಗ್ರಾಂ ಅನಿಲ ಬೇಕು. ದೊಡ್ಡ ಬರ್ನರನ್ನು ಪೂರ್ತಿ ಉರಿಸಿದರೆ ಗಂಟೆಗೆ ಸುಮಾರು 160 ಗ್ರಾಂ ಖರ್ಚು. ಈ ಅಳತೆಗೋಲಿನಿಂದ ಸೊಸೆ ದಿನದ ಅಡುಗೆಯನ್ನು ಬರೆದಳು. ಬೆಳಗಿನ ಕಾಫಿ, ಹಾಲು 30 ಗ್ರಾಂ. ಉಪ್ಪಿಟ್ಟು ಅಥವಾ ಅವಲಕ್ಕಿ 35. ಮಧ್ಯಾಹ್ನ ಕುಕ್ಕರಿನಲ್ಲಿ ಅನ್ನ, ಬೇಳೆ, ಮೇಲೊಂದು ಒಗ್ಗರಣೆ 60. ಸಂಜೆಯ ಕಾಫಿ 20. ರಾತ್ರಿ ಚಪಾತಿ, ಸಾರು 60. ಕುದಿಸಿ ಆರಿಸಿದ ಕುಡಿಯುವ ನೀರು 3 ಲೀಟರಿಗೆ 35. ಒಟ್ಟು 240 ಗ್ರಾಂ.

ಅಡುಗೆಯ ಲೆಕ್ಕ ಮಗನ ಅಂದಾಜಿಗಿಂತಲೂ ಕಡಿಮೆಯೇ ಬಂದಿತು. ಅವನ ಮುಖ ಅರಳಿತು. ಆದರೆ ಪುಟ ಇನ್ನೂ ಮುಗಿದಿರಲಿಲ್ಲ.

ಸ್ನಾನಕ್ಕೆ ಒಬ್ಬೊಬ್ಬರಿಗೆ 15 ಲೀಟರು ಬೆಚ್ಚನೆಯ ನೀರು. ಗೀಸರು ಒಲೆಗಿಂತ ಚೆನ್ನಾಗಿ ಶಾಖವನ್ನು ಹಿಡಿಯುತ್ತದೆ. ಆದರೂ ತಲೆಗೆ 31 ಗ್ರಾಂ ಬೇಕು. ಐವರಿಗೆ 155. ಇನ್ನು ಫ್ರಿಜ್. ಅನಿಲದಿಂದ ನಡೆಯುವ ಫ್ರಿಜ್ಜಿನ ವಿದ್ಯೆ ವಿಚಿತ್ರವಾದುದು. ಅದು ಉರಿಯಿಂದ ತಂಪನ್ನು ಹುಟ್ಟಿಸುತ್ತದೆ. 1922ರಲ್ಲಿ ಸ್ವೀಡನ್ ದೇಶದ ಬಾಲ್ಟ್‌ಸಾರ್ ಫಾನ್ ಪ್ಲಾಟೆನ್, ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದನ್ನು ಕಂಡುಹಿಡಿದರು. ಚಿಕ್ಕದೊಂದು ಜ್ವಾಲೆ ನೀರಿನಲ್ಲಿ ಕರಗಿದ ಅಮೋನಿಯಾವನ್ನು ಕಾಯಿಸಿ ಹೊರಡಿಸುತ್ತದೆ. ಅದು ದ್ರವವಾಗಿ, ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಯಂತ್ರವಿಲ್ಲ, ಸದ್ದಿಲ್ಲ. ಆದರೆ ಆ ಜ್ವಾಲೆಗೆ ಹಗಲಿಲ್ಲ, ರಾತ್ರಿಯಿಲ್ಲ. ಚಿಕ್ಕ ಫ್ರಿಜ್ಜಿಗೂ ದಿನಕ್ಕೆ 300 ಗ್ರಾಂ ಅನಿಲ ಬೇಕಾಗುವುದು ಸಾಮಾನ್ಯ.

ಐವರ ಅಡುಗೆಗೆ 240. ಒಂದು ಸೇರು ಹಾಲು, ಒಂದಿಷ್ಟು ಮೊಸರು, ತರಕಾರಿ ಕೆಡದಂತೆ ಕಾಯಲು 300! "ಅಯ್ಯೋ, ನಾವು ಉಣ್ಣೋದಕ್ಕಿಂತ ಅದೇ ಜಾಸ್ತಿ ಉಣ್ಣುತ್ತಲ್ಲೇ" ಎಂದು ಅಜ್ಜಿ ಬೆರಗಾದರು. ಭೋರೆಂದು ಉರಿಯುವ ಒಲೆಯನ್ನು ಕಂಡೊಡನೆ ಗೃಹಿಣಿ ಎದ್ದು ತಗ್ಗಿಸುತ್ತಾಳೆ. ಮೂಲೆಯಲ್ಲಿ ಹೆಬ್ಬೆರಳಿನಷ್ಟು ನೀಲಿಯಾಗಿ ಸದಾ ಉರಿಯುವುದನ್ನು ಯಾರೂ ನೋಡುವುದಿಲ್ಲ. ಮನೆಗಾಡಿಯಲ್ಲಿ ಸಿಲಿಂಡರನ್ನು ಬರಿದು ಮಾಡುವುದು ಅದೇ.

ಕೊನೆಯದು ಹೀಟರು. ಅದನ್ನು ಊಟಿಯ ಒಂದು ರಾತ್ರಿಗೆ ಮಾತ್ರ ಎಂದು ಹಿಡಿದರೂ, ಚಿಕ್ಕ ಮಟ್ಟದಲ್ಲಿ 8 ಗಂಟೆ ಉರಿದರೆ 1,250 ಗ್ರಾಂ. ಸೊಸೆ ಮೊತ್ತ ಕೂಡಿದಳು. ಅಡುಗೆ, ಸ್ನಾನ, ಫ್ರಿಜ್ ಸೇರಿ ದಿನಕ್ಕೆ 695. ಐದು ದಿನಕ್ಕೆ 3,475. ಹೀಟರಿನದು ಸೇರಿ 4,725 ಗ್ರಾಂ. ಐದು ಕಿಲೋ ಸಿಲಿಂಡರಿನಲ್ಲಿ ಉಳಿಯುವುದು 275 ಗ್ರಾಂ. ಮೂರು ಪ್ರವಾಸಕ್ಕೆ ಸಾಕೆಂದುದು ಒಂದಕ್ಕೇ ಅಂತೂ ಇಂತೂ ಮುಟ್ಟುವಂತಾಯಿತು.

ಮನೆಯ 14.2 ಕಿಲೋ ಸಿಲಿಂಡರನ್ನೇ ಗಾಡಿಗೆ ಏರಿಸಿದರಾಗದೇ ಎಂಬ ಯೋಚನೆ ಅನೇಕರಿಗೆ ಬರುವುದುಂಟು. ಹಾಗೆ ಮಾಡಕೂಡದು. ಮನೆಬಳಕೆಗೆಂದು ಕೊಟ್ಟ ಅನಿಲವನ್ನು ಬೇರೆ ಉದ್ದೇಶಕ್ಕೆ ಬಳಸುವುದನ್ನು 2000ದ ಇಸವಿಯ ಸರಬರಾಜು ಆದೇಶವು ನಿಷೇಧಿಸಿದೆ. ಆ ಭಾರದ ಸಿಲಿಂಡರು ಗಾಡಿಯ ಪೆಟ್ಟಿಗೆಯಲ್ಲಿ ಭದ್ರವಾಗಿ ನಿಲ್ಲುವುದೂ ಇಲ್ಲ. ಮನೆ ಸಂಪರ್ಕದ ಹಂಗಿಲ್ಲದೆ ದೊರೆಯುವ 5 ಕಿಲೋ ಸಿಲಿಂಡರಿನ ಮಾರಾಟ 2013ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಯಿತು. ಇಂಡೇನ್‌ನವರು 2020ರಲ್ಲಿ ತಮ್ಮದಕ್ಕೆ 'ಛೋಟು' ಎಂದು ಹೆಸರಿಟ್ಟರು. ಗುರುತಿನ ಚೀಟಿ ತೋರಿಸಿದರೆ ಸಿಗುವ ಇಂತಹ ಸಿಲಿಂಡರುಗಳೇ ಈ ಕೆಲಸಕ್ಕೆ ತಕ್ಕವು. ಗಾಡಿಯಲ್ಲಿ ಯಾವ ಸಿಲಿಂಡರನ್ನು, ಎಷ್ಟನ್ನು ಇಡಬಹುದೆಂಬುದನ್ನು ಮಾತ್ರ ಗಾಡಿಯವರನ್ನೂ ಅನಿಲದ ವಿತರಕರನ್ನೂ ಕೇಳಿಯೇ ನಿಶ್ಚಯಿಸಬೇಕು.

ರೈಲಿನ ಮಾತಂತೂ ಬೇಡವೇ ಬೇಡ. ಬೆಂಗಳೂರಿನಲ್ಲಿ ಹೊಸದಾಗಿ ಕೋಣೆ ಹಿಡಿದ ಮಗನಿಗೆ ಚಿಕ್ಕ ಸಿಲಿಂಡರೊಂದನ್ನು ಚೀಲದಲ್ಲಿಟ್ಟು ರೈಲಿನಲ್ಲೇ ಕಳುಹಿಸೋಣವೆಂದು ಯೋಚಿಸುವ ತಾಯಂದಿರು 2023ರ ಆಗಸ್ಟ್ 26ರ ಮುಂಜಾವನ್ನು ನೆನೆಯಬೇಕು. ಲಖನೌ ಕಡೆಯಿಂದ ಯಾತ್ರೆ ಹೊರಟವರ ಖಾಸಗಿ ಬೋಗಿಯೊಂದು ಅಂದು ಮಧುರೆಯ ನಿಲ್ದಾಣದ ಬಳಿ ನಿಂತಿತ್ತು. ನಿಯಮ ಮೀರಿ ಒಳಗೆ ತಂದಿದ್ದ ಸಿಲಿಂಡರಿನಿಂದ ಬೆಂಕಿ ಹೊತ್ತಿ 9 ಮಂದಿ ಯಾತ್ರಿಕರು ಸತ್ತರು. ಒಂದು ಲೋಟ ಬಿಸಿ ಚಹಾದ ಆಸೆಯೇ ಅದಕ್ಕೆ ಮೂಲವೆಂದು ಅಂದು ವರದಿಯಾಯಿತು. 1989ರ ರೈಲ್ವೆ ಕಾಯಿದೆಯ 164ನೆಯ ಕಲಮಿನಂತೆ ಇಂತಹ ವಸ್ತುವನ್ನು ಕಾನೂನು ಮೀರಿ ಒಯ್ಯುವವರಿಗೆ 3 ವರ್ಷಗಳವರೆಗೆ ಸೆರೆವಾಸವೂ ಆಗಬಹುದು. ಆದರೆ ಇಲ್ಲಿ ಕಾಯಿದೆಗಿಂತ ದೊಡ್ಡ ಭಯ ಬೇರೆಯೇ ಇದೆ.

ಆ ಭಯವೇನೆಂಬುದನ್ನು ಲೆಕ್ಕದಲ್ಲಿಯೇ ನೋಡಬಹುದು. ಸಿಲಿಂಡರಿನೊಳಗಿನ 1 ಲೀಟರು ದ್ರವ ಹೊರಬಂದರೆ ಸುಮಾರು 250 ಲೀಟರು ಅನಿಲವಾಗುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಎರಡು ಭಾಗ ಬೆರೆತರೂ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಎಂದರೆ 1 ಲೀಟರು ದ್ರವ 12 ಘನ ಮೀಟರಿಗೂ ಹೆಚ್ಚು ಗಾಳಿಯನ್ನು ಅಪಾಯಕ್ಕೆ ಒಡ್ಡಬಲ್ಲುದು. ಸಾಧಾರಣ ಮನೆಗಾಡಿಯ ಒಳಭಾಗದ ಬಹುಪಾಲು ಅಷ್ಟೇ. ಮೇಲಾಗಿ ಈ ಅನಿಲ ಗಾಳಿಗಿಂತ ಭಾರ. ಅದು ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ; ನೆಲದಲ್ಲಿ ನೀರಿನಂತೆ ಹರಿದು ಮಂಚದ ಕೆಳಗೆ ಮಡುಗಟ್ಟುತ್ತದೆ. ಆದುದರಿಂದಲೇ ಸಿಲಿಂಡರಿನ ಪೆಟ್ಟಿಗೆ ವಾಸದ ಭಾಗದಿಂದ ಪೂರ್ತಿ ಬೇರೆಯಾಗಿ, ಅದರ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಬೇಕು. ಸೋರಿಕೆ ತಿಳಿಸುವ ಗಂಟೆಯನ್ನು ನೆಲದ ಬಳಿ ಇಡಬೇಕೇ ಹೊರತು ಸೂರಿಗಲ್ಲ.

ಸೊಸೆಯ ಪುಟವನ್ನು ಮುಂದಿಟ್ಟುಕೊಂಡು ಸಂಸಾರವು ಖರ್ಚನ್ನು ತಿದ್ದಲು ಕುಳಿತಿತು. ಅಡುಗೆಯನ್ನು ಮುಟ್ಟಬಾರದೆಂದು ಅಜ್ಜಿಯ ಅಪ್ಪಣೆ. ಹಾಗೆ ನೋಡಿದರೆ ಅಡುಗೆಯಲ್ಲಿ ಉಳಿಸಬಹುದಾದುದು ಸ್ವಲ್ಪವೇ: ಪಾತ್ರೆಗೆ ಮುಚ್ಚಳ, ಬೇಳೆಯನ್ನು ಮುಂಚಿತವಾಗಿ ನೆನೆಸುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು. ಕುದಿಯುವ ನೀರು ಎಷ್ಟು ಉರಿಸಿದರೂ ಇನ್ನಷ್ಟು ಬಿಸಿಯಾಗುವುದಿಲ್ಲ, ಬೇಗ ಬತ್ತುತ್ತದೆ ಅಷ್ಟೆ. ಎತ್ತರದ ಊರುಗಳಲ್ಲಿ ಕುಕ್ಕರಿಲ್ಲದೆ ಬೇಳೆ ಬೇಯಿಸಲು ಹೋಗಬಾರದು. ಊಟಿಯಷ್ಟು ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯ ಬೇಳೆ ಬಹಳ ಹೊತ್ತು ಹಠ ಮಾಡುತ್ತದೆ.

ದೊಡ್ಡ ಉಳಿತಾಯ ಬಂದುದು ಫ್ರಿಜ್ಜಿನಿಂದ. ಗಾಡಿ ಓಡುವಾಗ ಅದನ್ನು ಗಾಡಿಯ ಬ್ಯಾಟರಿಗೆ ಕೊಡುವುದು. ರಾತ್ರಿ ತಂಗುವ ಕಡೆ ವಿದ್ಯುತ್ ಸಿಕ್ಕರೆ ಅದಕ್ಕೆ ಹೂಡುವುದು. ಅನಿಲದಲ್ಲಿ ನಡೆಸುವುದು ದಿನಕ್ಕೆ 6 ಗಂಟೆ ಮಾತ್ರ. 300 ಗ್ರಾಂ 75ಕ್ಕೆ ಇಳಿಯಿತು. ಇದರಲ್ಲಿ ಉಳಿತಾಯಕ್ಕಿಂತ ಮಿಗಿಲಾದ ಲಾಭವೂ ಇತ್ತು. ಉರಿಯುವ ಜ್ವಾಲೆಯೊಡನೆ ಗಾಡಿ ರಸ್ತೆಯಲ್ಲಿ ಹೋಗಬಾರದು. ಪೆಟ್ರೋಲು ಬಂಕಿನೊಳಗಂತೂ ಕಾಲಿಡಲೇಬಾರದು. ಫ್ರಿಜ್ಜಿನ ಜ್ವಾಲೆ ಕಣ್ಣಿಗೆ ಬೀಳದುದರಿಂದ ಅದನ್ನು ಮರೆಯುವುದು ಬಹು ಸುಲಭ. ಸ್ನಾನದಲ್ಲಿ ಮಗ, ಸೊಸೆ ಇಬ್ಬರೂ ತಣ್ಣೀರಿಗೆ ಒಪ್ಪಿದರು. ಉಳಿದ ಮೂವರಿಗೆ 95 ಗ್ರಾಂ. ದಿನಕ್ಕೆ ಒಟ್ಟು 410, ಐದು ದಿನಕ್ಕೆ 2,050. ಇನ್ನುಳಿದುದು ಹೀಟರು.

"ಅದನ್ನ ಹೊಡೆದುಹಾಕಮ್ಮ. ಮಲಗೋ ಮನೇಲಿ ಬೆಂಕಿ ಬೇಡ" ಎಂದರು ತಾತ.

"ಮಗೂಗೆ ಚಳಿ ಆದರೆ?" ಎಂದರು ಅಜ್ಜಿ.

"ಕಂಬಳಿ ತಗೊಳ್ಳೇ."

ಹೊರಗಾಳಿಯನ್ನೇ ಎಳೆದುಕೊಂಡು ಹೊಗೆಯನ್ನು ಹೊರಕ್ಕೇ ಬಿಡುವಂತೆ ಕಟ್ಟಿದ ಹೀಟರುಗಳೂ ಉಂಟು. ಸರಿಯಾಗಿ ಜೋಡಿಸಿ, ಪರೀಕ್ಷಿಸಿದ್ದರೆ ಅವುಗಳಿಂದ ಅಷ್ಟು ಭಯವಿಲ್ಲ. ಈ ಗಾಡಿಯದು ಯಾವ ಬಗೆಯದೆಂದು ಕೇಳಿದಾಗ ಗಾಡಿಯವರಿಂದ ಸ್ಪಷ್ಟವಾದ ಉತ್ತರ ಬರಲಿಲ್ಲ. ತಾತನಿಗೆ ಅಷ್ಟೇ ಸಾಕಾಯಿತು. ಸೊಸೆ ಹೀಟರಿನ ಸಾಲಿನ ಮೇಲೆ ಗೀಟೆಳೆದಳು.

ಹೊರಡುವ ಮುನ್ನ ತಾತ ಸಂತೆಯಿಂದ ಒಂದು ಸ್ಪ್ರಿಂಗ್ ತಕ್ಕಡಿ ತಂದರು. ಸಿಲಿಂಡರಿನಲ್ಲಿ ಎಷ್ಟಿದೆಯೆಂದು ಅಲುಗಾಡಿಸಿ ಹೇಳುವವರುಂಟು. ಒದ್ದೆ ಬಟ್ಟೆ ಸವರಿ, ತಡವಾಗಿ ಒಣಗುವ ಭಾಗದ ತನಕ ದ್ರವವಿದೆಯೆಂದು ತಿಳಿಯುವವರುಂಟು. ಎರಡನೆಯ ಉಪಾಯ ಒಂದು ಮಟ್ಟಿಗೆ ಸರಿ. ಆದರೆ ತೂಕಕ್ಕೆ ಸಮನಾದ ಸಾಕ್ಷಿಯಿಲ್ಲ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಬರಿಯ ಸಿಲಿಂಡರಿನ ತೂಕ ಕೆತ್ತಿರುತ್ತದೆ. ತೂಗಿದ ಭಾರದಿಂದ ಅದನ್ನು ಕಳೆದರೆ ಉಳಿಯುವುದೇ ಅನಿಲ. ಅದೇ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬ ಒಂದು ಅಕ್ಷರವೂ ಪಕ್ಕದಲ್ಲಿ ವರ್ಷವೂ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ವರ್ಷದ ನಾಲ್ಕು ಕಾಲುಭಾಗಗಳು. ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಡ್ಡಬೇಕಾದ ಕಾಲ ಅದು. ಆ ಕಾಲ ದಾಟಿದ ಸಿಲಿಂಡರನ್ನು ತೆಗೆದುಕೊಳ್ಳಬಾರದು. ಕೊಳವೆಯ ಮೇಲಿನ ವರ್ಷವನ್ನೂ ನೋಡಬೇಕು. ಸುರಕ್ಷಾ ಕೊಳವೆಯನ್ನು 5 ವರ್ಷಕ್ಕೊಮ್ಮೆ ಬದಲಿಸುವುದು ನಿಯಮ. ಜೋಡಣೆಗಳನ್ನು ಸಾಬೂನಿನ ನೊರೆಯಿಂದ ಪರೀಕ್ಷಿಸಬೇಕು. ಗುಳ್ಳೆ ಎದ್ದರೆ ಸೋರಿಕೆಯುಂಟು. ಬೆಂಕಿಕಡ್ಡಿಯಿಂದ ಪರೀಕ್ಷಿಸುವವನು ಎರಡನೆಯ ಸಲ ಪರೀಕ್ಷಿಸುವುದಿಲ್ಲ.

ಗಾಡಿಯವರು ಒಪ್ಪಿದಂತೆ ಎರಡು ಸಿಲಿಂಡರುಗಳು ಪೆಟ್ಟಿಗೆಯಲ್ಲಿ ನೆಟ್ಟಗೆ ನಿಂತು ಪಟ್ಟಿಯಿಂದ ಬಿಗಿದುಕೊಂಡುವು: ಒಂದು ಬಳಕೆಗೆ, ಒಂದು ಆಪತ್ತಿಗೆ. ಗಾಡಿ ಹೊರಡುವ ಮುನ್ನ ಪ್ರತಿ ಬಾರಿಯೂ ರೆಗ್ಯುಲೇಟರನ್ನು ಬಿಚ್ಚಿ ಸುರಕ್ಷಾ ಮುಚ್ಚಳವನ್ನು ಹಾಕುವ ಕೆಲಸ ತಾತನದು. ಹಾಕಿದುದನ್ನು ನೋಡಿ "ಆಯಿತು ತಾತ" ಎಂದು ಕೂಗುವ ಕೆಲಸ ಮೊಮ್ಮಗನದು. ಆ ಕೂಗು ಕೇಳಿದ ಹೊರತು ಮಗನು ಇಂಜಿನನ್ನು ಹಚ್ಚುತ್ತಿರಲಿಲ್ಲ. ನಂದಿಯ ತಪ್ಪಲು, ಶಿವನಸಮುದ್ರ, ಮೈಸೂರು ಎಲ್ಲವೂ ಲೆಕ್ಕದಂತೆಯೇ ಸಾಗಿದುವು. ದಿನವೂ ಸಂಜೆ ತೂಕ. ದಿನವೂ ಪುಸ್ತಕದಲ್ಲಿ ಒಂದು ಸಾಲು.

ಊಟಿಯ ರಾತ್ರಿ ಲೆಕ್ಕ ಕೆಟ್ಟಿತು. ಸಂಜೆಯಿಂದಲೇ ಹುಡುಗನ ಮೈ ಬೆಚ್ಚಗಿತ್ತು. ವೈದ್ಯರು ನೋಡಿ ಔಷಧಿ ಕೊಟ್ಟಿದ್ದರು. ಎರಡು ಗಂಟೆಯ ಹೊತ್ತಿಗೆ ಚಳಿ ಹತ್ತಿ ಹಲ್ಲು ಕಟಕಟನೆ ಕಡಿಯತೊಡಗಿತು. ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಅಜ್ಜಿ ಎದ್ದು ಎರಡೂ ಒಲೆಗಳನ್ನು ಹಚ್ಚಿದರು. "ಪಾತ್ರೆ ಯಾತಕ್ಕೆ, ಹಂಗೇ ಉರೀಲಿ. ಒಳಗೆಲ್ಲ ಬೆಚ್ಚಗಾಗಲಿ. ಕಿಟಕಿ ಮುಚ್ಚೇ ತಾಯಿ" ಎಂದು ಸೊಸೆಗೆ ಹೇಳಿದರು. ಸೊಸೆಯ ಕೈ ಕಿಟಕಿಗೆ ಹೋಯಿತು. ನಡುಗುತ್ತಿರುವ ಮಗುವಿನ ಮುಂದೆ ಯಾವ ತಾಯಿಯೂ ಅಂಕಿಗಳನ್ನು ನೆನೆಯಳು.

"ಮುಚ್ಚಬೇಡ!" ಎಂದು ತಾತ ಎದ್ದು ಕುಳಿತರು. ಮನೆಯಲ್ಲಿ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದುದನ್ನು ಸೊಸೆ ಕೇಳಿರಲಿಲ್ಲ. "ಗಣೀಲಿ ಮದ್ದು ಹಾರಿಸಿದ ಮೇಲೆ ಹೊಗೆ ಕಣ್ಣಿಗೆ ಕಾಣದಂಗೆ ಹೋದರೂ ನಾವು ಒಳಗೆ ಹೋಗ್ತಿರಲಿಲ್ಲ. ಗಾಳಿ ಬದಲಾಯಿಸಿದ ಮೇಲೇ ಹೋಗೋದು. ಕಾಣೋ ಹೊಗೆ ಕೆಮ್ಮಿಸುತ್ತೆ, ಎಚ್ಚರಿಸುತ್ತೆ. ಕಾಣದ್ದು ಮಲಗಿಸಿಬಿಡುತ್ತೆ."

ಅವರು ಹೇಳಿದುದು ಇಂಗಾಲದ ಮಾನಾಕ್ಸೈಡಿನ ಮಾತು. 1 ಕಿಲೋ ಅನಿಲ ಸರಿಯಾಗಿ ಉರಿಯಲು 12 ಘನ ಮೀಟರಿಗಿಂತ ಹೆಚ್ಚು ಗಾಳಿ ಬೇಕು. ಮುಚ್ಚಿದ ಚಿಕ್ಕ ಜಾಗದಲ್ಲಿ ಉರಿಗೂ ಉಸಿರಿಗೂ ಒಂದೇ ಗಾಳಿ. ಅದು ಕ್ಷೀಣಿಸಿದಂತೆ ಉರಿ ಕೆಡುತ್ತದೆ; ಬಣ್ಣವಿಲ್ಲದ, ವಾಸನೆಯಿಲ್ಲದ ಆ ವಿಷ ಹುಟ್ಟುತ್ತದೆ. ಸೋರುವ ಅನಿಲಕ್ಕಾದರೂ ಮೂಗಿಗೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಉರಿದುಹೋದ ಅನಿಲಕ್ಕೆ ಆ ಎಚ್ಚರಿಕೆಯೂ ಇಲ್ಲ. ತಲೆನೋವು, ಮಂಪರು, ಆಮೇಲೆ ಏಳಲಾರದ ನಿದ್ರೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅನಿಲದ ಗೀಸರಿನಿಂದ ನಮ್ಮ ನಾಡಿನಲ್ಲಿಯೇ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮನೆಗಾಡಿಯೆಂದರೆ ಅಂತಹ ಬಚ್ಚಲಿಗಿಂತ ಸ್ವಲ್ಪ ದೊಡ್ಡದಷ್ಟೆ. ಗಾಜಿನ ಮೇಲೆ ನೀರು ಇಳಿಯತೊಡಗಿದರೆ ಅದನ್ನೊಂದು ಸೂಚನೆಯೆಂದು ತಿಳಿಯಬೇಕು: 1 ಕಿಲೋ ಅನಿಲ ಉರಿದಾಗ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ, ಗಾಡಿಯ ಗಾಳಿ ಹೊರಕ್ಕೆ ಹೋಗುತ್ತಿಲ್ಲವೆಂದು ಆ ಹನಿಗಳು ಹೇಳುತ್ತವೆ.

ಸೊಸೆ ಕಿಟಕಿಯನ್ನು ಇನ್ನೂ ನಾಲ್ಕು ಬೆರಳು ಸರಿಸಿದಳು. ಒಂದು ಒಲೆಯನ್ನು ಆರಿಸಿ ಇನ್ನೊಂದರ ಮೇಲೆ ಮುಚ್ಚಳದ ಪಾತ್ರೆಯಲ್ಲಿ 2 ಲೀಟರು ನೀರಿಟ್ಟಳು. ಉರಿ ಸಣ್ಣಗಾಗಿತ್ತು. ಚಳಿಯಲ್ಲಿ ಅದು ಸಹಜವೇ. ಸಿಲಿಂಡರಿನ ದ್ರವ ಸುತ್ತಣ ಶಾಖವನ್ನು ಹೀರಿಯೇ ಆವಿಯಾಗಬೇಕು. ಅದರೊಳಗಿನ ಪ್ರೊಪೇನು ಸೊನ್ನೆಗಿಂತ 42 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಆವಿಯಾಗುತ್ತದೆ. ಬ್ಯೂಟೇನಾದರೋ ಸೊನ್ನೆಯ ಸಮೀಪದಲ್ಲೇ ಸೋಮಾರಿಯಾಗಿ ನಿಲ್ಲುತ್ತದೆ. ಮಗನು ಕೊಳವೆಯ ಕಡೆ ನೋಡಿ, "ಸಿಲಿಂಡರನ್ನ ಬಿಸಿನೀರಿನಲ್ಲಿ ಇಟ್ಟರೆ ಹೇಗೆ? ಇಲ್ಲವೇ ಅಡ್ಡ ಮಲಗಿಸಿದರೆ?" ಎಂದನು. ಎರಡೂ ಜನ ಮಾಡುವ ಕೆಲಸವೇ, ಎರಡೂ ಮಾಡಬಾರದ ಕೆಲಸ. ಬಿಸಿನೀರಿನಿಂದ ಒಳಗಿನ ಒತ್ತಡ ಏರುವುದು; ಮಲಗಿಸಿದರೆ ಆವಿ ಬರಬೇಕಾದ ಬಾಯಿಗೆ ದ್ರವವೇ ಬಂದು ಒಲೆಯಲ್ಲಿ ಒಮ್ಮೆಗೇ ಜ್ವಾಲೆ ಏಳುವುದು. ಒಂದೇ ಬರ್ನರಿನಿಂದ ನಿಧಾನವಾಗಿ ತೆಗೆದುಕೊಂಡರೆ ಸಿಲಿಂಡರು ಅಷ್ಟಾಗಿ ತಣ್ಣಗಾಗುವುದಿಲ್ಲ. ಕಾಯುವುದೊಂದೇ ಉಪಾಯ.

ನೀರು ಕಾದಿತು. ಒಲೆ ಆರಿತು. ಸೊಸೆ ಅದನ್ನು ಎರಡು ರಬ್ಬರ್ ಚೀಲಗಳಿಗೆ ತುಂಬಿ, ಮುಚ್ಚಳವನ್ನು ಎರಡು ಸಲ ತಿರುಗಿಸಿ ನೋಡಿ, ಟವೆಲಿನಲ್ಲಿ ಸುತ್ತಿ, ಒಂದನ್ನು ಹುಡುಗನ ಪಾದದ ಬಳಿ, ಇನ್ನೊಂದನ್ನು ಕಂಬಳಿಯ ಮಗ್ಗುಲಲ್ಲಿ ಇಟ್ಟಳು. ಅರ್ಧ ಗಂಟೆಯಲ್ಲಿ ನಡುಕ ಇಳಿಯಿತು. ಅಜ್ಜಿ ಮೊಮ್ಮಗನ ಹಣೆಯ ಮೇಲೆ ಕೈಯಿಟ್ಟುಕೊಂಡೇ ಕುಳಿತರು. ನಾಲ್ಕರ ವೇಳೆಗೆ ಹುಡುಗ ಬೆವೆತು, ಕಣ್ಣು ಬಿಟ್ಟು, "ಹಾಲು" ಎಂದನು.

ಆ 2 ಲೀಟರು ನೀರಿಗೆ ಆದ ಖರ್ಚು ಸುಮಾರು 20 ಗ್ರಾಂ. ಹೀಟರು ಕೇಳುತ್ತಿದ್ದುದು 1,250. ಇಡೀ ಗಾಡಿಯ ಗಾಳಿಯನ್ನು ಬೆಚ್ಚಗೆ ಮಾಡುವುದಕ್ಕೂ ಒಂದು ಮಗುವನ್ನು ಬೆಚ್ಚಗೆ ಮಾಡುವುದಕ್ಕೂ ಇರುವ ಅಂತರ ಅಷ್ಟು.

ನಂದಿದುರ್ಗದ ಮನೆಯ ಮುಂದೆ ಗಾಡಿ ನಿಂತಾಗ ತಾತ ಕೊನೆಯ ಸಲ ತೂಗಿದರು. ಮೊದಲ ಸಿಲಿಂಡರಿನಲ್ಲಿ 2 ಕಿಲೋ 700 ಗ್ರಾಂ ಉಳಿದಿತ್ತು. ಎರಡನೆಯದರ ಮುದ್ರೆಯನ್ನು ಯಾರೂ ಒಡೆದಿರಲಿಲ್ಲ. ಲೆಕ್ಕಕ್ಕಿಂತ 250 ಗ್ರಾಂ ಹೆಚ್ಚು ಹೋಗಿತ್ತು. ಊಟಿಯ ಚಳಿ, ಮಗುವಿನ ಗಂಜಿ, ಮತ್ತೆ ಮತ್ತೆ ಕಾಸಿದ ಹಾಲು ಅದರಲ್ಲಿ ಸೇರಿದ್ದುವು. ಆ ಹೆಚ್ಚಳವನ್ನು ಪುಸ್ತಕದಲ್ಲಿ ಯಾವ ಬಾಬಿಗೆ ಬರೆಯಬೇಕೆಂದು ಸೊಸೆ ಕೇಳಿದಳು.

"ಅದಕ್ಕೇ ಅಲ್ಲವೇನಮ್ಮ ಉಳಿಸಿಟ್ಟದ್ದು? ಬಾಬು ಬೇಡ, ಹಾಗೇ ಬಿಡು" ಎಂದರು ತಾತ.

ಮನೆಗಾಡಿಯಲ್ಲಿ ಹೊರಡುವ ಅದೃಷ್ಟ ಎಲ್ಲರಿಗೂ ಇರಲಾರದು. ಆದರೆ ಬಸ್ಸು ಹಿಡಿದು, ಅಡುಗೆಯ ಸಾಮಾನು ಕಟ್ಟಿಕೊಂಡು ಯಾತ್ರೆ ಹೋಗುವ ಸಂಸಾರಗಳು ನಮ್ಮಲ್ಲಿ ಅಸಂಖ್ಯ. ಒಲೆಯೊಡನೆ ಪ್ರಯಾಣ ಮಾಡುವ ಗೃಹಿಣಿಯು ಮನಸ್ಸಿನಲ್ಲಿಡಬೇಕಾದುದು ಇಷ್ಟೇ. ಸಿಲಿಂಡರನ್ನು ತೂಗಿ ತಿಳಿಯಬೇಕು, ಊಹಿಸಿ ಅಲ್ಲ. ಗಾಡಿ ಚಲಿಸುವಾಗ ಅನಿಲ ಮುಚ್ಚಿರಬೇಕು. ಒಲೆ ಹೊತ್ತಿರುವಾಗ ಕಿಟಕಿ ತೆರೆದಿರಬೇಕು. ಎಲ್ಲರೂ ಮಲಗುವಾಗ ಯಾವ ಉರಿಯೂ ಇರಬಾರದು. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ತೆರೆದು, ಮಕ್ಕಳನ್ನು ಕರೆದುಕೊಂಡು ಹೊರಗೆ ನಡೆದು, ದೂರದಿಂದ 1906ಕ್ಕೆ ದೂರವಾಣಿ ಮಾಡಬೇಕು. ಅನಿಲ ಸೋರಿಕೆಯ ತುರ್ತು ಸಹಾಯದ ಸಂಖ್ಯೆ ಅದು. ಈ ಐದು ಮಾತುಗಳನ್ನು ಅಡುಗೆಯ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಬರೆದು ಅಂಟಿಸಿಕೊಂಡರೆ ಪ್ರತಿ ಬಾರಿ ತೆರೆಯುವಾಗಲೂ ಕಣ್ಣಿಗೆ ಬೀಳುತ್ತದೆ.